ಹಿಂದಿನ ಬೆಂಚಿಗೆ ಹೋದ ಅಜ್ಜಿ

ತರಕಾರಿ ಮಾರುಕಟ್ಟೆಯ ವಾಸನೆ ಮೂಗಿಗೆ ಬಡಿದರೆ ನನಗೆ ಚರ್ಚಿನ ನೆನಪಾಗುತ್ತದೆ. ನಗಬೇಡಿ. ಮೇಣದಬತ್ತಿಯ ವಾಸನೆಗೋ ಮಲ್ಲಿಗೆಯ ವಾಸನೆಗೋ ದೇವರು ನೆನಪಾಗುವವರು ಇದ್ದಾರೆ. ನನಗೆ ಮಾತ್ರ ಮಣ್ಣು ಮೆತ್ತಿದ ಮೂಲಂಗಿ, ಅರೆಹಣ್ಣಾದ ಬಾಳೆಗೊನೆ, ನೀರು ಚಿಮುಕಿಸಿದ ಕೊತ್ತಂಬರಿ, ಕಾಲು ಕಟ್ಟಿ ಬುಟ್ಟಿಯಲ್ಲಿ ಕೂರಿಸಿದ ಕೋಳಿ, ಹೊಸ ಜೋಳ, ಇವೆಲ್ಲ ಬೆರೆತು ಬೆಚ್ಚಗಾದ ವಾಸನೆಯೇ ಬೇಕು. ಮೊನ್ನೆ ದಾವಣಗೆರೆಗೆ ಹೋಗಿದ್ದೆ. ಬೆಳಗಿನ ಹೊತ್ತು ಮಾರುಕಟ್ಟೆಯ ಪಕ್ಕ ನಡೆದು ಹೋಗುತ್ತಿದ್ದಾಗ ಆ ವಾಸನೆ ಬಂದು ನನ್ನನ್ನು ಹಾಗೇ ನಿಲ್ಲಿಸಿತು. ಕಣ್ಣು ಮುಚ್ಚಿದೆ. ಹರಿಹರದ ಆ ಹಳೆಯ ಚರ್ಚು, ಅದರ ಎತ್ತರದ ಕಿಟಕಿಗಳಿಂದ ಓರೆಯಾಗಿ ಇಳಿಯುವ ಬಿಸಿಲು, ಬಿಸಿಲಲ್ಲಿ ನಿಧಾನವಾಗಿ ತೇಲುವ ಹೊಟ್ಟಿನ ದೂಳು, ಮುಂದಿನ ಬೆಂಚಿನಲ್ಲಿ ಅಜ್ಜ, ಅಜ್ಜಿ, ಇಬ್ಬರ ನಡುವೆ ಕಾಲು ನೆಲಕ್ಕೆ ತಾಗದ ನಾನು. ಅಷ್ಟರಲ್ಲಿ ಹಿಂದಿನಿಂದ ಆಟೋದವನೊಬ್ಬ, "ಅಕ್ಕಾರೆ, ನಿದ್ದಿ ಮಾಡಾಕೆ ಬ್ಯಾರೆ ಜಾಗ ಸಿಗ್ಲಿಲ್ವಾ? ಒಂಚೂರು ಸರೀರಿ" ಎಂದು ಹಾರ್ನ್ ಒತ್ತಿದ. ಸರಿದೆ. ಆದರೆ ಅವತ್ತು ಇಡೀ ದಿನ ನಾನು ಆ ಬೆಂಚಿನಿಂದ ಏಳಲೇ ಇಲ್ಲ.

ನನ್ನ ಅಪ್ಪ ಅಮ್ಮ ಇಬ್ಬರೂ ಸರಕಾರಿ ಶಾಲೆಯಲ್ಲಿ ಪಾಠ ಮಾಡುವವರು, ವರ್ಗವಾದಾಗಲೆಲ್ಲ ಗಂಟುಮೂಟೆ ಕಟ್ಟಬೇಕಾದವರು. ಹಾಗಾಗಿ ನನ್ನ ಶಾಲೆಯ ವರ್ಷಗಳೆಲ್ಲ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ, ಅಮ್ಮನ ತವರಿನಲ್ಲಿ ಕಳೆದವು. ಅಜ್ಜ ಡಾಕ್ಟರು. ಮನೆಯ ಮುಂದಿನ ಕೋಣೆಯೇ ಅವನ ದವಾಖಾನೆ. ಅಲ್ಲಿಂದ ಬರುವ ಸ್ಪಿರಿಟ್ಟಿನ ವಾಸನೆ, ಅಡುಗೆಮನೆಯಿಂದ ಬರುವ ಒಗ್ಗರಣೆಯ ವಾಸನೆ ನಡುಮನೆಯಲ್ಲಿ ಒಂದನ್ನೊಂದು ಹಾಯುತ್ತಿದ್ದವು. ಮಧ್ಯಾಹ್ನ ರೋಗಿಗಳೆಲ್ಲ ಹೋದ ಮೇಲೆ ಮನೆ ತಂಪಾಗಿ, ಮಬ್ಬಾಗಿ, ನೀರಿನೊಳಗೆ ಇದ್ದ ಹಾಗೆ ಇರುತ್ತಿತ್ತು. ಕೆಂಪು ನೆಲದ ಮೇಲೆ ಅಂಗಾತ ಮಲಗಿ ನಾನು ಅಜ್ಜ ಗುನುಗುವ ಕೀರ್ತನೆ ಕೇಳುತ್ತಿದ್ದೆ. ಅವನು ಪೇರಲೆಹಣ್ಣನ್ನು ಸಣ್ಣ ಚಾಕುವಿನಲ್ಲಿ ಹೆಚ್ಚಿ, ಬೀಜದ ಭಾಗ ತಾನು ತಿಂದು, ಮೆತ್ತನೆಯ ಹೋಳುಗಳನ್ನು ನನ್ನ ಬಾಯಿಗೆ ಹಾಕುತ್ತಿದ್ದ. ಬಡವರ ಹತ್ತಿರ ಫೀಸು ಕೇಳಿದವನಲ್ಲ. ಯಾರೇ ಬರಲಿ, ಎಂಥ ಹುಣ್ಣೇ ಇರಲಿ, ತಾನೇ ಕೈಯಾರೆ ತೊಳೆದು ಪಟ್ಟಿ ಕಟ್ಟುತ್ತಿದ್ದ. ಸಂಜೆಯ ಮನೆ ಪ್ರಾರ್ಥನೆಯಲ್ಲಿ ಅವನು ದನಿಯೆತ್ತಿದರೆ ಬೀದಿಯಲ್ಲಿ ಹೋಗುವವರೂ ಒಂದು ಗಳಿಗೆ ನಿಲ್ಲುತ್ತಿದ್ದರು. ಮೇಲು ಕೀಳು ಎನ್ನುವ ಗೋಡೆಗಳೆಲ್ಲ ಬೀಳಲಿ ಕರ್ತನೇ, ಒಂದೇ ತಂದೆಯ ಮಕ್ಕಳಾಗಿ ಒಂದೇ ಪಂಕ್ತಿಯಲ್ಲಿ ಕೂರುವ ದಿನ ಬೇಗ ಬರಲಿ ಎಂದು ಅಳುದನಿಯಲ್ಲಿ ಪ್ರಾರ್ಥಿಸುತ್ತಿದ್ದ. ನಾನು ಒಂದು ಕಣ್ಣು ತೆರೆದು ನೋಡುತ್ತಿದ್ದೆ. ನಿಜವಾಗಿಯೂ ಅಳುತ್ತಿದ್ದ. ಅಜ್ಜನಷ್ಟು ಒಳ್ಳೆಯ ಮನುಷ್ಯನನ್ನು ನಾನು ನೋಡಿಲ್ಲ ಎಂದು ಈಗಲೂ ಅಂದುಕೊಳ್ಳುತ್ತೇನೆ. ಹಾಗೆ ಅಂದುಕೊಂಡಾಗಲೆಲ್ಲ ಎದೆಯಲ್ಲಿ ಏನೋ ಚುಚ್ಚುತ್ತದೆ.

ಅಜ್ಜನ ತಾತ ಹತ್ತಿಯ ವ್ಯಾಪಾರಿ, ಲಿಂಗ ಕಟ್ಟಿಕೊಂಡ ಮನೆತನ. ಯಾವುದೋ ಕಾಲದಲ್ಲಿ ಆತ ಓದಿ, ವಾದಿಸಿ, ಮನಸ್ಸು ಬದಲಿಸಿ ಕ್ರೈಸ್ತನಾದನಂತೆ. ಕ್ರೈಸ್ತರಾದರೂ ಮನೆಯ ಅಡುಗೆಮನೆ ಮಾತ್ರ ಇದ್ದಲ್ಲೇ ಇತ್ತು. ನಮ್ಮಲ್ಲಿ ಮಾಂಸವಿಲ್ಲ, ಮೊಟ್ಟೆಯಿಲ್ಲ. ಕ್ರಿಸ್ಮಸ್ಸಿನ ಕೇಕಿಗೂ ಅಜ್ಜಿ ಮೊಸರು ಹಾಕಿಯೇ ಉಬ್ಬಿಸುತ್ತಿದ್ದಳು. ನೆಂಟರು ಸೇರಿದಾಗ ಹಿರಿಯರು ಎಲೆ ಅಡಿಕೆ ಮೆಲ್ಲುತ್ತ ಒಂದು ಮಾತು ಹೇಳುವುದಿತ್ತು: "ನಾವು ಅರಿತು ಬಂದೋರು. ಹಸಿದು ಬಂದೋರಲ್ಲ." ಹಸಿದು ಬಂದವರು ಯಾರು ಎಂದು ಯಾರೂ ಹೆಸರು ಹಿಡಿದು ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ, ಅವರು ನಮ್ಮ ಹಿತ್ತಲ ಬಾಗಿಲಿನಿಂದ ದಿನಾ ಬರುತ್ತಿದ್ದರು.

ಬರುತ್ತಿದ್ದವಳು ಸುವಾರ್ತಮ್ಮ. ಆವರಗೆರೆಯವಳು. ಗಂಡ ಹತ್ತಿ ಮಿಲ್ಲಿನಲ್ಲಿದ್ದ, ಮಿಲ್ಲು ಮುಚ್ಚಿದ ಮೇಲೆ ಮನೆಯಲ್ಲಿದ್ದ. ಅವಳು ನಮ್ಮ ಮನೆಯ ಪಾತ್ರೆ ತೊಳೆದು, ಬಟ್ಟೆ ಒಗೆದು, ಅಂಗಳ ಗುಡಿಸಿ ಹೋಗುತ್ತಿದ್ದಳು. ಬಾಯಿ ಜೋರು. ದಪ್ಪ ದನಿಯಲ್ಲಿ ರಾಗ ತಪ್ಪಿ ಕೀರ್ತನೆ ಹಾಡುತ್ತ ಬಟ್ಟೆ ಕುಕ್ಕುತ್ತಿದ್ದರೆ ಅಜ್ಜಿ ಒಳಗಿನಿಂದ, "ಸುವಾರ್ತಾ, ಕರ್ತನಿಗೆ ಕಿವಿ ಚೊಲೋ ಅದಾವು, ಮೆಲ್ಲಗೆ ಹಾಡೇ" ಎನ್ನುತ್ತಿದ್ದಳು. "ಅಷ್ಟು ಮ್ಯಾಗೆ ಕುಂತಾನಲ್ರಿ ಅಮ್ಮಾರೆ, ಮೆಲ್ಲಗೆ ಹಾಡಿದ್ರೆ ಕೇಳಬೇಕಲ್ಲ" ಎಂದು ಅವಳು ದನಿಯನ್ನು ಇನ್ನೊಂದು ಮೆಟ್ಟಿಲು ಮೇಲೇರಿಸುತ್ತಿದ್ದಳು. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಇಷ್ಟ. ಕೆಲಸವಾದ ಮೇಲೆ ಅವಳು ಹಿತ್ತಲ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ನಲ್ಲಿಯ ಮೇಲಿನ ಗೂಡಿನಲ್ಲಿ ಬೋರಲು ಹಾಕಿದ ಒಂದು ಸ್ಟೀಲ್ ಲೋಟ ಇತ್ತು. ಅದಕ್ಕೆ ನಮ್ಮ ಮನೆಯಲ್ಲಿ 'ಹೊರಗಿನ ಲೋಟ' ಎಂದು ಹೆಸರು. ಅವಳೇ ಅದನ್ನು ತೆಗೆದು ಹಿಡಿಯುತ್ತಿದ್ದಳು, ಅಜ್ಜಿ ಮೇಲಿನಿಂದ ಚಾ ಹೊಯ್ಯುತ್ತಿದ್ದಳು. ಕುಡಿದು, ತೊಳೆದು, ಮತ್ತೆ ಬೋರಲು ಹಾಕಿ ಹೋಗುತ್ತಿದ್ದಳು. ಎಷ್ಟು ಸಲೀಸಾಗಿ ನಡೆಯುತ್ತಿತ್ತೆಂದರೆ ಅದರಲ್ಲಿ ಏನೋ ಇದೆ ಎಂದು ನನಗೆ ಹೊಳೆದೇ ಇರಲಿಲ್ಲ.

ಭಾನುವಾರ ನಾವು ಪ್ಯಾಸೆಂಜರ್ ರೈಲು ಹತ್ತಿ ಹರಿಹರದ ಚರ್ಚಿಗೆ ಹೋಗುತ್ತಿದ್ದೆವು. ದಾವಣಗೆರೆಯಲ್ಲಿ ಚರ್ಚುಗಳಿರಲಿಲ್ಲ ಎಂದಲ್ಲ. ಹರಿಹರದ್ದು ಅಜ್ಜನ ತಾತ ನಿಂತು ಕಟ್ಟಿಸಿದ್ದು, ಮುಂದಿನ ಬೆಂಚು ನಮ್ಮ ಮನೆಯದು. ಕಿಟಕಿಯಾಚೆ ಗದ್ದೆಗಳು ಹಸಿರಾಗಿ, ಒದ್ದೆಯಾಗಿ, ನಿದ್ದೆಗಣ್ಣಿನಲ್ಲೇ ಹಿಂದಕ್ಕೆ ಸರಿಯುತ್ತಿದ್ದವು. ಅಜ್ಜಿಯ ರೇಷ್ಮೆ ಸೀರೆಯಿಂದ ನುಸಿಗುಳಿಗೆಯ ವಾಸನೆ. ರೈಲಿನುದ್ದಕ್ಕೂ ಅಜ್ಜ ಅವಳ ಕೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡಿರುತ್ತಿದ್ದ. ಮುದುಕರಿಬ್ಬರು ಹಾಗೆ ಕೂರುವುದು ಆ ಕಾಲಕ್ಕೆ ಸುತ್ತಲಿನವರಿಗೆ ತಮಾಷೆ. ಹರಿಹರದಲ್ಲಿ ಇಳಿದರೆ ಹೊಳೆಯ ಕಡೆಯಿಂದ ತಣ್ಣನೆಯ ಗಾಳಿ. ಚರ್ಚಿನೊಳಗೆ ಮುಂದೆ ನಮ್ಮಂಥ ಕೆಲವು ಮನೆಗಳು, ಹಿಂದೆ ಆವರಗೆರೆ, ಲೋಕಿಕೆರೆ, ಸುತ್ತಲ ಹಳ್ಳಿಗಳ ಕೇರಿಗಳಿಂದ ಬಂದವರು. ಸುವಾರ್ತಮ್ಮನೂ ಅದೇ ರೈಲಿನಲ್ಲಿ ಬೇರೆ ಡಬ್ಬಿಯಲ್ಲಿ ಬಂದು ಕೊನೆಯ ಬೆಂಚಿನಲ್ಲಿ ಕೂತಿರುತ್ತಿದ್ದಳು. ಹೀಗೇ ಕೂರಬೇಕೆಂದು ಯಾವ ಗೋಡೆಯ ಮೇಲೂ ಬರೆದಿರಲಿಲ್ಲ.

ಸುಗ್ಗಿ ಹಬ್ಬದ ದಿನ ಮಾತ್ರ ಚರ್ಚು ಸಂತೆಯಾಗುತ್ತಿತ್ತು. ಬೆಳೆದದ್ದರಲ್ಲಿ ಮೊದಲನೆಯದನ್ನು ದೇವರಿಗೆ ತಂದು ಒಪ್ಪಿಸುವುದು, ಆರಾಧನೆ ಮುಗಿದ ಮೇಲೆ ಅದನ್ನೆಲ್ಲ ಅಲ್ಲಿಯೇ ಹರಾಜು ಕೂಗುವ ಸವಾಲಿಗೆ ಇಡುವುದು. ಕೂಗಿ ಗೆದ್ದವರು ಅದನ್ನು ದೇವರ ಮನೆಯ ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡು ಒಯ್ಯುತ್ತಿದ್ದರು. ಸವಾಲು ನಡೆಸುವವನು ಅಜ್ಜ. ಡಾಕ್ಟರಿಕೆ ಮರೆತು ಆವತ್ತು ಅವನು ಪೂರಾ ಹುಡುಗನಾಗುತ್ತಿದ್ದ. ಕುಂಬಳಕಾಯಿ ಎತ್ತಿ ಹಿಡಿದು, "ನೋಡ್ರಿ, ನಮ್ಮ ಸಭೆ ಕಾರ್ಯದರ್ಶಿಗಳ ಹೊಟ್ಟಿಗಿಂತ ದುಂಡಗೈತೆ, ಯಾರ್ ಕೂಗ್ತೀರಿ?" ಎಂದರೆ ಕಾರ್ಯದರ್ಶಿಗಳ ಹೆಂಡತಿಯೇ ಮೊದಲು ಕೂಗುತ್ತಿದ್ದಳು. ಹಿಂದಿನ ಬೆಂಚುಗಳಿಂದ ಜೋಳ, ಭತ್ತ, ಕಬ್ಬಿನ ಜಲ್ಲೆ, ಕೋಳಿ, ಸೋರೆಕಾಯಿ ಬರುತ್ತಿದ್ದವು. ಮುಂದಿನ ಬೆಂಚುಗಳಿಂದ ಕೇಕು, ಚಕ್ಕುಲಿ, ಉಂಡೆ, ಉಪ್ಪಿನಕಾಯಿ. ಬೇಯಿಸಿದ್ದು ಮುಂದಿನಿಂದ, ಹಸಿಯದು ಹಿಂದಿನಿಂದ. ನಾವು ಅವರು ಬೆಳೆದದ್ದನ್ನು ಕೊಳ್ಳುತ್ತಿದ್ದೆವು, ಅವರು ನಾವು ಮಾಡಿದ್ದನ್ನು ಕೊಳ್ಳುತ್ತಿದ್ದರು. ಎಲ್ಲರೂ ನಗುತ್ತಿದ್ದರು, ಎಲ್ಲರಿಗೂ ಖುಷಿ. ಇದೇ ಸಮಾನತೆ ಎಂದು ಪಾದ್ರಿಗಳು ಪ್ರತಿವರ್ಷ ಹೇಳುತ್ತಿದ್ದರು.

ಆ ವರ್ಷ ಸುವಾರ್ತಮ್ಮನ ಮಗಳು ನರ್ಸಿಂಗ್ ಪಾಸಾಗಿದ್ದಳು. ಮಗಳು ಪಾಸಾದರೆ ನನ್ನ ಕೈಯಾರೆ ಹೋಳಿಗೆ ಮಾಡಿ ನಿನಗೆ ಒಪ್ಪಿಸುತ್ತೇನೆ ಎಂದು ಅವಳು ದೇವರಿಗೆ ಹರಕೆ ಹೊತ್ತಿದ್ದಳಂತೆ. ಕುಂಬಳಕಾಯಿಗಳ ಸಾಲು ಮುಗಿದ ಮೇಲೆ ಅಜ್ಜನ ಕೈಗೆ ಬಿಳಿ ಬಟ್ಟೆ ಮುಚ್ಚಿದ ಒಂದು ಬಿದಿರ ಬುಟ್ಟಿ ಬಂತು. ಬಟ್ಟೆ ಸರಿಸಿದ. ಹುರಿದ ಶೇಂಗಾ, ಬೆಲ್ಲ, ಏಲಕ್ಕಿ, ತುಪ್ಪದ ಘಮ ಮುಂದಿನ ಬೆಂಚಿನವರೆಗೂ ಬಂದು ನನ್ನ ಬಾಯಲ್ಲಿ ನೀರೂರಿತು. "ಯಾರ್ದಿದು ಇಷ್ಟು ಘಮಘಮ?" ಎಂದು ಅಜ್ಜ ತಮಾಷೆಯಾಗಿಯೇ ಕೇಳಿದ. ಹಿಂದಿನಿಂದ ಸುವಾರ್ತಮ್ಮ ಎದ್ದು ನಿಂತು, "ನಂದ್ರೀ" ಎಂದಳು. ಹೊಸ ಸೀರೆ ಉಟ್ಟಿದ್ದಳು, ಮುಖ ಅರಳಿತ್ತು.

ಯಾರೂ ಕೂಗಲಿಲ್ಲ. ಮುಂದಿನ ಬೆಂಚುಗಳಲ್ಲಿ ಒಬ್ಬರು ಮಗುವಿನ ಲಂಗ ಸರಿಮಾಡಿದರು, ಇನ್ನೊಬ್ಬರು ಕೀರ್ತನೆಯ ಪುಸ್ತಕ ತೆರೆದರು, ಕಾರ್ಯದರ್ಶಿಗಳಿಗೆ ಕೆಮ್ಮು ಬಂತು. ಹಿಂದಿನವರಾದರೂ ಕೂಗಿ ತಮ್ಮವಳ ಮಾನ ಉಳಿಸಬಹುದಿತ್ತು. ಅವರೂ ಕೂಗಲಿಲ್ಲ. ತಿರುಗಿ ನೋಡಿದೆ. ಅವರು ಸುಮ್ಮನೆ ಕೂತು ನಮ್ಮ ಬೆನ್ನುಗಳನ್ನು ನೋಡುತ್ತಿದ್ದರು. ಈಗ ತಿಳಿಯುತ್ತದೆ, ಮುಂದಿನವರು ಯಾರಾದರೂ ಕೂಗುತ್ತಾರೋ ಎಂದು ಅವರು ಕಾಯುತ್ತಿದ್ದರು. ಅಜ್ಜನ ದನಿ ಇಳಿಯಿತು. ಯಾರಿಗೂ ನೋವಾಗದ ಹಾಗೆ ಮುಗಿಸಬೇಕೆಂಬುದು ಅವನ ಸ್ವಭಾವ. "ಇದನ್ನ ಸವಾಲಿಗೆ ಹಾಕೋದು ಬ್ಯಾಡ," ಎಂದ ಮೆತ್ತಗೆ, "ಪಾದ್ರಿಗಳ ಮನಿಗೆ ಕಳಿಸಿಬಿಡೋಣ." ಸುವಾರ್ತಮ್ಮ ಕೂರಲಿಲ್ಲ. "ಯಾಕ್ರಿ ಸಾಹೇಬ್ರ? ಎಲ್ಲರ್ದೂ ಸವಾಲಿಗೆ ಇಟ್ರಿ. ನಂದೂ ಇಡ್ರಿ" ಎಂದಳು. ಅವಳ ದನಿ ಎಂದಿನ ಹಾಗೆ ದಪ್ಪಗಿತ್ತು.

ಆಗ ನನ್ನ ಪಕ್ಕದಲ್ಲಿ ರೇಷ್ಮೆ ಸರಪರ ಎಂದಿತು. ಅಜ್ಜಿ ಎದ್ದು ನಿಂತಿದ್ದಳು. ಅವಳು ಹೊರಗೆ ಯಾರ ಮನೆಯಲ್ಲೂ ನೀರು ಕೂಡ ಕುಡಿಯದವಳು, ರೈಲಿಗೂ ಮನೆಯ ನೀರು ಒಯ್ಯುವವಳು. "ನಾನು ಕೂಗ್ತೀನಿ," ಎಂದಳು. "ನನ್ನ ಕೇಕು ಎಷ್ಟಕ್ಕೆ ಹೋಯ್ತೋ ಅಷ್ಟು." ಅಜ್ಜ ಬುಟ್ಟಿ ಹಿಡಿದುಕೊಂಡೇ ಹೆಂಡತಿಯನ್ನು ನೋಡಿದ. ಅಷ್ಟು ವರ್ಷ ಜೊತೆಗಿದ್ದವಳನ್ನು ಯಾರು ಎಂದು ಕೇಳುವ ನೋಟ ಅದು. ಮತ್ತೆ ನಡೆದದ್ದು ಯಾರೂ ಎಣಿಸದ್ದು. ಹಿಂದಿನಿಂದ ಲೋಕಿಕೆರೆಯ ಮುದುಕನೊಬ್ಬ ಅದಕ್ಕಿಂತ ಮೇಲೆ ಕೂಗಿದ. ಅಜ್ಜಿ ಏರಿಸಿದಳು. ಇನ್ನೊಬ್ಬ ಏರಿಸಿದ. ಅಜ್ಜಿ ತಿರುಗಿ ನಿಂತು ಸೆರಗು ಸಿಕ್ಕಿಸಿಕೊಂಡು, "ನನಗೆ ಬಿಡಂಗಿಲ್ಲೇನ್ರಿ ನೀವು?" ಎಂದಳು. "ಬಿಟ್ಟುಕೊಟ್ರೆ ಸವಾಲು ಹೆಂಗಾಗ್ತೈತ್ರಿ ಡಾಕ್ಟ್ರಮ್ಮಾರೆ!" ಎಂದು ಮುದುಕ ನಕ್ಕ. ಇಡೀ ಹಿಂಭಾಗ ನಕ್ಕಿತು. ಅಜ್ಜಿಗೂ ನಗು ಬಂತು. ಕಡೆಗೆ ಅವಳಿಗೇ ಬಿತ್ತು, ಆದರೆ ಆವತ್ತಿನ ಹಬ್ಬದಲ್ಲಿ ಆ ಹೋಳಿಗೆಗಿಂತ ಮೇಲೆ ಹೋದದ್ದು ಯಾವುದೂ ಇರಲಿಲ್ಲ.

ಚರ್ಚಿನಂಗಳದ ಹುಣಸೆಮರದ ಕೆಳಗೆ ಕೂತು ಗೆದ್ದ ತಿಂಡಿಯನ್ನು ಹಂಚಿ ತಿನ್ನುವುದು ವಾಡಿಕೆ. ಅಜ್ಜಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಎಲೆಗಳ ನಡುವಿನ ಬಿಸಿಲು ಅವಳ ಕೈಯ ಮೇಲೆ ಅಲ್ಲಾಡುತ್ತಿತ್ತು. ಒಂದು ತುಂಡು ಮುರಿದಳು, ಕೈ ಬಾಯಿಯ ಹತ್ತಿರ ಬಂದು ನಿಂತಿತು. ಸುವಾರ್ತಮ್ಮ ಸ್ವಲ್ಪ ದೂರದಲ್ಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದಳು. ಅಜ್ಜಿ ಕಣ್ಣು ಮುಚ್ಚಿ ಬಾಯಿಗೆ ಹಾಕಿದಳು. ನಿಧಾನವಾಗಿ ಅಗಿದಳು, ನುಂಗಿದಳು. ಆಮೇಲೆ ಕಣ್ಣು ಬಿಟ್ಟು, "ಕಣಕಕ್ಕೆ ಚಿಟಿಕಿ ಉಪ್ಪು ಹಾಕಬೇಕಿತ್ತು ಕಣೇ" ಎಂದಳು. "ಓಹೋ, ಬಂದು ಕಲಿಸ್ರಿ ಹಂಗಾರೆ ನಮ್ಮನಿಗೆ" ಎಂದಳು ಸುವಾರ್ತಮ್ಮ. ಅಜ್ಜಿ ನನಗೂ ಒಂದು ಕೊಟ್ಟಳು. ಅದರ ರುಚಿ ಬರೆಯಲು ಬಂದಿದ್ದರೆ ನಾನು ಬೇರೆ ಏನನ್ನೂ ಬರೆಯುತ್ತಿರಲಿಲ್ಲ.

ಕತೆ ಅಲ್ಲಿಗೇ ಮುಗಿದಿದ್ದರೆ ಎಷ್ಟು ಚೆಂದ ಇತ್ತು. ಮರುದಿನ ಸೋಮವಾರ. ಸುವಾರ್ತಮ್ಮ ಎಂದಿನ ಹಾಗೆ ಬಂದು ಎಂದಿನ ಹಾಗೆ ಬಟ್ಟೆ ಒಗೆದು ಹಿತ್ತಲ ಮೆಟ್ಟಿಲ ಮೇಲೆ ಕೂತಳು. ಲೋಟ ತೆಗೆದುಕೊಳ್ಳಲಿಲ್ಲ. ಅಜ್ಜಿ ಚಾದ ಪಾತ್ರೆ ಹಿಡಿದು ಬಂದವಳು, ಮಾತಾಡುತ್ತ ಮಾತಾಡುತ್ತಲೇ, ಗೂಡಿಗೆ ಕೈ ಹಾಕಿ ಹೊರಗಿನ ಲೋಟ ತೆಗೆದು, ಅದರಲ್ಲಿ ಚಾ ಹೊಯ್ದು, ಮುಂದಿಟ್ಟಳು. ಮನಸ್ಸು ಹೊಸದನ್ನು ಕಲಿತಿತ್ತು, ಕೈ ಇನ್ನೂ ಕಲಿತಿರಲಿಲ್ಲ. ಸುವಾರ್ತಮ್ಮ ಲೋಟವನ್ನು ನೋಡಿದಳು. ಅಜ್ಜಿಯನ್ನು ನೋಡಿದಳು. "ನಿನ್ನೆ ಹುಣಸಿಮರದ ಕೆಳಗೆ ತಿಂದದ್ದು ನೀವೇ ಹೌದಲ್ರಿ ಅಮ್ಮಾರೆ?" ಎಂದು ಕೇಳಿದಳು. ಸಿಟ್ಟಿಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದ ಹಾಗೆ. ಚಾ ಮುಟ್ಟದೆ ಎದ್ದು ಹೋದಳು. ಅಜ್ಜಿ ಆ ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು. ಚಾ ಆರಿ, ಕೆನೆಗಟ್ಟಿ, ಬಿಸಿಲು ಬಾವಿಕಟ್ಟೆ ದಾಟಿ ಹೋಗುವವರೆಗೂ ಕೂತಿದ್ದಳು.

ಸುವಾರ್ತಮ್ಮ ಕೆಲಸಕ್ಕೆ ಬರುವುದು ನಿಂತಿತು. ಆ ವಾರ ಒಂದು ಸಂಜೆ ಪ್ರಾರ್ಥನೆ ಮುಗಿದ ಮೇಲೆ ಅಜ್ಜಿ, "ಆವರಗೆರಿಗೆ ಹೋಗಿ ಬರ್ತೀನಿ, ನೀವೂ ಬರ್ರಿ" ಎಂದಳು. ಅಜ್ಜ ಕನ್ನಡಕ ಒರೆಸಿದ. "ನೀ ಯಾಕ ಇಷ್ಟು ಹಚ್ಚಿಕೊಂತೀಯ? ದೇವರ ಮುಂದೆ ಎಲ್ಲರೂ ಒಂದೇ. ನಾನೇ ಹೇಳ್ತಾನೇ ಬಂದೀನಲ್ಲ" ಎಂದ. ಅಜ್ಜಿ ಕೀರ್ತನೆಯ ಪುಸ್ತಕ ಮುಚ್ಚಿದಳು. "ನೀವು ಹೇಳಿದ್ರಿ," ಎಂದಳು. "ನಾನು ನಂಬಿಬಿಟ್ಟೆ."

ಅಜ್ಜ ಬರಲಿಲ್ಲ, ಯಾರಿಗೋ ಜ್ವರ ಎಂದ. ನಾನೂ ಅಜ್ಜಿಯೂ ಆಟೋದಲ್ಲಿ ಹೋದೆವು. ಆವರಗೆರೆ ಆಗ ಇನ್ನೂ ಹಳ್ಳಿಯೇ, ಊರು ಮುಗಿದು ಹೊಲ ಶುರುವಾಗುವ ಜಾಗ. ಸಣ್ಣ ಮನೆ, ಸಗಣಿ ಸಾರಿಸಿದ ಅಂಗಳ, ಒಳಗೆ ಗೋಡೆಗೆ ಮಗಳ ನರ್ಸಿಂಗ್ ಸಮವಸ್ತ್ರದ ಫೋಟೋ. ಸುವಾರ್ತಮ್ಮ ಬಾಗಿಲಲ್ಲಿ ನಮ್ಮನ್ನು ಕಂಡು, "ಬರ್ರಿ, ಕೂಡ್ರಿ" ಎಂದಳು. ಅಜ್ಜಿ ಚಾಪೆಯ ಮೇಲೆ ಕೂತು ಮೊದಲು ನೀರು ಕೇಳಿದಳು. ಗಟಗಟ ಕುಡಿದಳು. ಆಮೇಲೆ ಬಿಸಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ತಿಂದಳು. ತಿನ್ನುತ್ತ ತಿನ್ನುತ್ತ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಖಾರ ಎಂದು ಒರೆಸಿಕೊಂಡಳು. "ಕೆಲಸಕ್ಕೆ ಬರಬ್ಯಾಡ ಸುವಾರ್ತಾ," ಎಂದಳು ಕೈ ತೊಳೆದ ಮೇಲೆ. "ಊಟಕ್ಕೆ ಬಾ. ಮುಂಬಾಗಿಲಿಂದ ಬಾ. ಟೇಬಲ್ಲಿಗೆ ಕೂತು ಉಣ್ಣೋಣು." ಸುವಾರ್ತಮ್ಮ ಒಲೆಯ ಬೂದಿಯನ್ನು ಕೆದಕುತ್ತ ಕೇಳಿದಳು, "ಸಾಹೇಬ್ರು ಕೂಡ್ತಾರೇನ್ರಿ ಜೊತಿಗೆ?" ಅಜ್ಜಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಅವರು ಕೂಡ್ತೀನಿ ಅಂದ ದಿನ ಹೇಳಿ ಕಳಿಸ್ರಿ. ಆವತ್ತೇ ಬರ್ತೀನಿ" ಎಂದಳು ಸುವಾರ್ತಮ್ಮ.

ಹೇಳಿ ಕಳಿಸುವ ದಿನ ಬರಲಿಲ್ಲ. ಅಜ್ಜ ಬೇಡ ಎಂದದ್ದೂ ಇಲ್ಲ. ಈ ವಾರ ಆಗಲಿ ಎನ್ನುತ್ತಿದ್ದ, ಆ ವಾರ ಯಾರೋ ರೋಗಿ ಬರುತ್ತಿದ್ದರು. ಕ್ರಿಸ್ಮಸ್ಸಿಗೆ ಕರೆಯೋಣ ಎನ್ನುತ್ತಿದ್ದ, ಆಗ ನೆಂಟರು ಬರುತ್ತಿದ್ದರು, ನೆಂಟರು ಏನಂದುಕೊಂಡಾರು. ಸುವಾರ್ತಮ್ಮನ ಗಂಡನಿಗೆ ಎದೆನೋವು ಬಂದಾಗ ಇದೇ ಅಜ್ಜ ಆವರಗೆರೆಗೆ ಓಡಿಹೋಗಿ ಅವನ ಪಕ್ಕ ನೆಲದ ಮೇಲೆ ಮಂಡಿಯೂರಿ ಕೂತು ಅವನ ಜೀವ ಉಳಿಸಿದ. ಚಾ ತಂದರೆ ಮಾತ್ರ, "ಈಗ ಬ್ಯಾಡಮ್ಮ, ಹೊಟ್ಟಿ ಸರಿಯಿಲ್ಲ" ಎಂದನಂತೆ. ಅವನ ಒಳಗೆ ಏನು ಅಡ್ಡ ನಿಂತಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಅದು ದ್ವೇಷವಾಗಿರಲಿಲ್ಲ, ಅಷ್ಟು ಮಾತ್ರ ಹೇಳಬಲ್ಲೆ. ದ್ವೇಷವಾಗಿದ್ದರೆ ಅದನ್ನು ಅವನೇ ಗುರುತು ಹಿಡಿದು ಅತ್ತು ಪ್ರಾರ್ಥಿಸಿ ಕಿತ್ತು ಹಾಕುತ್ತಿದ್ದ.

ಅಜ್ಜಿ ಜಗಳವಾಡಲಿಲ್ಲ. ಆವರಗೆರೆಗೆ ಹೋಗಿಬಂದ ವಾರದ ಭಾನುವಾರವೇ ಚರ್ಚಿನ ಬಾಗಿಲು ದಾಟಿದ ಕೂಡಲೇ ಅಜ್ಜನ ಕೈಯಿಂದ ತನ್ನ ಕೈ ಬಿಡಿಸಿಕೊಂಡು, ಸೀದಾ ಕೊನೆಯ ಬೆಂಚಿಗೆ ಹೋಗಿ ಸುವಾರ್ತಮ್ಮನ ಪಕ್ಕ ಕೂತಳು. ಸಭೆಯೆಲ್ಲ ತಿರುಗಿ ನೋಡಿತು. ಅಜ್ಜ ಒಬ್ಬನೇ ಉದ್ದಕ್ಕೆ ನಡೆದು ಮುಂದಿನ ಬೆಂಚಿನಲ್ಲಿ ಕೂತ. ಅಂದಿನಿಂದ ಅದೇ ನಡೆಯಿತು. ಮನೆಯಿಂದ ಜೊತೆಯಾಗಿ ಹೊರಡುತ್ತಿದ್ದರು. ರೈಲಿನಲ್ಲಿ ಕೈಯೊಳಗೆ ಕೈ ಇರುತ್ತಿತ್ತು. ಅವಳ ಮಂಡಿ ನೋವಿಗೆ ಅವನು ಮೆಟ್ಟಿಲಿನಲ್ಲಿ ಆಸರೆ ಕೊಡುತ್ತಿದ್ದ. ಚರ್ಚಿನ ಬಾಗಿಲಲ್ಲಿ ಬಿಡುತ್ತಿದ್ದರು, ಆರಾಧನೆ ಮುಗಿದ ಮೇಲೆ ಅದೇ ಬಾಗಿಲಲ್ಲಿ ಸೇರುತ್ತಿದ್ದರು. ನಾನು ಒಂದು ವಾರ ಅಲ್ಲಿ, ಒಂದು ವಾರ ಇಲ್ಲಿ ಕೂರುತ್ತಿದ್ದೆ. ಮುಂದೆ ಕೂತರೆ ಅಜ್ಜನ ಇಂಪಾದ ದನಿ, ಹಿಂದೆ ಕೂತರೆ ಸುವಾರ್ತಮ್ಮನ ರಾಗ ತಪ್ಪಿದ ದೊಡ್ಡ ದನಿ, ಅದರ ಜೊತೆ ಮೆಲ್ಲಗೆ ರಾಗ ತಪ್ಪಲು ಕಲಿಯುತ್ತಿದ್ದ ಅಜ್ಜಿಯ ದನಿ. ಕಣ್ಣು ಮುಚ್ಚಿ ಕೇಳಿದರೆ ಎರಡೂ ಎಲ್ಲೋ ಮೇಲೆ, ಹೆಂಚಿನ ಕೆಳಗೆ, ಪಾರಿವಾಳಗಳ ನಡುವೆ ಸೇರಿ ಒಂದೇ ಹಾಡಾಗುತ್ತಿದ್ದವು. ಬಾಲ್ಯದ ನನ್ನ ಭಾನುವಾರಗಳನ್ನು ನಾನು ಹಾಗೆಯೇ ಇಟ್ಟುಕೊಂಡಿದ್ದೇನೆ.

ಪಿ.ಜೆ. ಬಡಾವಣೆಯ ಆ ಮನೆ ಈಗಿಲ್ಲ. ಕೆಡವಿ ಅಲ್ಲಿ ಯಾರದೋ ದೊಡ್ಡ ಆಸ್ಪತ್ರೆ ಬಂದಿದೆ, ಅಡುಗೆಮನೆ ಇದ್ದ ಜಾಗದಲ್ಲಿ ಸ್ಕೂಟರ್ ನಿಲ್ಲಿಸುತ್ತಾರೆ. ನಿಮಗೂ ಅಂಥದೊಂದು ಮನೆ ಇದ್ದೀತು. ಅದು ಹೋದದ್ದಕ್ಕೆ ನೀವೂ ಅಳುತ್ತೀರಿ, ಅಲ್ಲಿ ನಡೆದದ್ದಕ್ಕೆ ತಲೆ ತಗ್ಗಿಸುತ್ತೀರಿ, ಎರಡೂ ಒಂದೇ ಉಸಿರಿನಲ್ಲಿ. ನನಗಂತೂ ಬೇರೆ ಮಾಡಲು ಬರಲಿಲ್ಲ.

ನಾನು ಕಾಲೇಜಿಗೆ ಸೇರಿದ ವರ್ಷ ಅಜ್ಜಿ ಹಾಸಿಗೆ ಹಿಡಿದಳು. "ಒಂದ್ಸಲ ಆಕೀನ ಊಟಕ್ಕೆ ಕರೀರಿ, ನಾನು ಮಲಕ್ಕೊಂಡೇ ನೋಡ್ತೀನಿ" ಎಂದು ಅಜ್ಜನಿಗೆ ಹೇಳಿದ್ದನ್ನು ನಾನು ಕೇಳಿದ್ದೇನೆ. "ನೀನು ಗುಣ ಆಗು ಮೊದಲು, ನೀನೇ ಬಡಿಸುವಿಯಂತೆ" ಎಂದ ಅವನು, ಅವಳ ಹಣೆ ಸವರುತ್ತ. ಅವಳು ಗುಣವಾಗಲಿಲ್ಲ. ಹರಿಹರದಲ್ಲಿ, ಹೊಳೆಗಾಳಿ ಬೀಸುವ ಕಡೆ ಮಣ್ಣು ಮಾಡಿದರು. ಮನೆಯಲ್ಲಿ ದೇಹ ಇಟ್ಟಿದ್ದಾಗ ಸುವಾರ್ತಮ್ಮ ಬಂದಳು, ಗೇಟಿನ ಹೊರಗೆ ರಸ್ತೆಯಲ್ಲಿ ನಿಂತು ಅತ್ತಳು, ಮುಂಬಾಗಿಲಿಗೂ ಬರಲಿಲ್ಲ, ಹಿತ್ತಲಿಗೂ ಹೋಗಲಿಲ್ಲ.

ಅದಾದ ಮೊದಲ ಭಾನುವಾರ ಅಜ್ಜ ಚರ್ಚಿಗೆ ಹೋಗಲೇಬೇಕೆಂದ. ಆ ಬಾರಿ ರೈಲಿನಲ್ಲಿ ಅವನ ಕೈ ನನ್ನ ಕೈಯಲ್ಲಿತ್ತು, ಒಣಗಿ ಹಗುರವಾಗಿತ್ತು. ಚರ್ಚಿನ ಬಾಗಿಲು ದಾಟಿದ ಮೇಲೆ, ಅವಳು ಕೈಬಿಡಿಸಿಕೊಳ್ಳುತ್ತಿದ್ದ ಆ ಜಾಗದಲ್ಲಿ, ಅವನು ನಿಂತುಬಿಟ್ಟ. ಹಾಡು ಶುರುವಾಗಿತ್ತು. ಕೊನೆಯ ಬೆಂಚಿನ ತುದಿಯಲ್ಲಿ ಕೂತಿದ್ದ ಸುವಾರ್ತಮ್ಮ ಹಾಡು ನಿಲ್ಲಿಸಿ ಅವನನ್ನು ನೋಡಿದಳು. ಸೆರಗು ಎಳೆದುಕೊಂಡು ಒಳಗೆ ಸರಿದಳು. "ಬರ್ರಿ ಸಾಹೇಬ್ರ," ಎಂದಳು, ಜೀವಮಾನದಲ್ಲಿ ಮೊದಲ ಸಲ ಮೆಲ್ಲಗೆ, "ಕೂಡ್ರಿ." ಅಜ್ಜ ಆ ಜಾಗವನ್ನು ನೋಡಿದ. ನನ್ನ ಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದ. ಒಂದು ಹೆಜ್ಜೆ ಆ ಕಡೆ ಇಟ್ಟೇಬಿಟ್ಟ ಎಂದು ನನಗೆ ಅನ್ನಿಸಿತು. ಆಮೇಲೆ ತಲೆ ತಗ್ಗಿಸಿ, ನಡುವಿನ ದಾರಿಯಲ್ಲಿ, ಮುಂದಿನ ಬೆಂಚಿನ ಕಡೆ ನಡೆಯತೊಡಗಿದ. ಮುದುಕನ ಕೈ ಬಿಡಲಾರದೆ ನಾನೂ ಹೋದೆ. ಕೂತ ಮೇಲೆ ಅವನು ಹಾಡಲಿಲ್ಲ, ಕಣ್ಣೀರು ಮಾತ್ರ ಸುರಿಯುತ್ತಿತ್ತು. ನಾನು ತಿರುಗಿ ನೋಡಿದೆ. ತಡವಾಗಿ ಬಂದವರು ಕೂರಲು ಜಾಗವಿಲ್ಲದೆ ಗೋಡೆಗೆ ಒರಗಿ ನಿಂತಿದ್ದರು. ಸುವಾರ್ತಮ್ಮ ತನ್ನ ಪಕ್ಕದ ಖಾಲಿ ಜಾಗದ ಮೇಲೆ ಅಂಗೈ ಊರಿಕೊಂಡು ಕೂತಿದ್ದಳು. ಕಡೆಯ ಆಶೀರ್ವಾದ ಮುಗಿಯುವ ತನಕ ಆ ಕೈಯನ್ನು ತೆಗೆಯಲಿಲ್ಲ.